ಕಪಾಟಿನ ಜೊತೆಗೆ ಬಂದ ಮಾತು

ಹೊಲ, ಮನೆ, ಒಡವೆಗಳ ಪಾಲು ಬರೆದಿಡುವ ಉಯಿಲು ಎಲ್ಲ ಕಡೆಯೂ ಇದೆ. ತಾನು ನಂಬಿ ಬಾಳಿದ್ದನ್ನು ಮಕ್ಕಳಿಗೆಂದು ಬರೆದಿಡುವ ಉಯಿಲು ಯೆಹೂದ್ಯರಲ್ಲಿ ಶತಮಾನಗಳಿಂದ ನಡೆದುಬಂದಿದೆ. ಇಸ್ರೇಲ್ ಅಬ್ರಹಾಮ್ಸ್ ಎಂಬ ವಿದ್ವಾಂಸರು ಕಲೆಹಾಕಿದ ಇಂಥ ಉಯಿಲುಗಳು ಇಂಗ್ಲಿಷ್ ಅನುವಾದದೊಂದಿಗೆ 1926ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದವು. ಅವುಗಳಲ್ಲಿ ನನಗೆ ಬಲು ಪ್ರಿಯವಾದದ್ದು ಹನ್ನೆರಡನೆಯ ಶತಮಾನದ ಯೆಹೂದ ಇಬ್ನ್ ತಿಬ್ಬೋನನದು.

ಗ್ರನಾಡದಲ್ಲಿ ಹುಟ್ಟಿ, ದಕ್ಷಿಣ ಫ್ರಾನ್ಸಿನ ಲುನೆಲ್ ಊರಿನಲ್ಲಿ ನೆಲೆನಿಂತ ಈತ ವೈದ್ಯ. ಅರಬ್ಬಿಯ ತತ್ವಗ್ರಂಥಗಳನ್ನು ಹೀಬ್ರೂವಿಗೆ ತಂದ ಅನುವಾದಕ. ಬರೆದದ್ದು ಮಗ ಸಮುವೇಲನಿಗೆ. ಸತ್ಯ, ಧರ್ಮ, ದೈವಭಕ್ತಿಯ ಮಾತು ಅದರಲ್ಲಿ ಇದ್ದೇ ಇದೆ. ಆದರೆ ಉಯಿಲಿಗೆ ಜೀವ ಬರುವುದು ಆತ ತನ್ನ ಪುಸ್ತಕಗಳ ಹತ್ತಿರ ಬಂದು ನಿಂತಾಗ.

ನೀನು ಯಾರ ಬಳಿಯೂ ಪುಸ್ತಕಕ್ಕೆ ಕೈಚಾಚದಿರಲೆಂದು ಇಷ್ಟೆಲ್ಲ ಕೂಡಿಟ್ಟಿದ್ದೇನೆ ಎನ್ನುತ್ತಾನೆ. ಮುಂದೆ ಒಂದೊಂದೇ ಹೇಳುತ್ತಾ ಹೋಗುತ್ತಾನೆ. ಕಪಾಟುಗಳಿಗೆ ಅಂದದ ಪರದೆ ಹಾಕಬೇಕು. ಮೇಲಿನಿಂದ ನೀರು ಸೋರಬಾರದು, ಇಲಿ ಮುಟ್ಟಬಾರದು. ಯಾವ ಅಂಕಣದಲ್ಲಿ ಯಾವ ಪುಸ್ತಕವಿದೆ ಎಂಬ ಪಟ್ಟಿ ಅಲ್ಲಲ್ಲೇ ಇರಬೇಕು. ಹೀಬ್ರೂ ಪುಸ್ತಕಗಳನ್ನು ತಿಂಗಳಿಗೊಮ್ಮೆ, ಅರಬ್ಬಿಯವನ್ನು ಎರಡು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಕೇಳಿದವರಿಗೆ ಕೊಡಬೇಕು, ಆದರೆ ಪುಸ್ತಕ ಹೊಸ್ತಿಲು ದಾಟುವ ಮೊದಲೇ ಬರೆದುಕೊಳ್ಳಬೇಕು. ಮರಳಿ ಬಂದಾಗ ಹೊಡೆದುಹಾಕಬೇಕು. ಪಸ್ಕ ಹಬ್ಬಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ ಹೊರಗಿರುವುದನ್ನೆಲ್ಲ ತರಿಸಿಕೊಳ್ಳಬೇಕು. ಓಲೆಗರಿಯ ಕಟ್ಟುಗಳನ್ನು ತಲೆಮಾರುಗಳ ಕಾಲ ಕಾಪಾಡಿದ ನಮ್ಮ ಮನೆತನಗಳಿಗೆ ಈ ಕಳವಳ ಹೊಸದೇನಲ್ಲ. ವಿದ್ಯೆ ದೊಡ್ಡದು ಎಂದು ಯಾರು ಬೇಕಾದರೂ ಹೇಳಿಯಾರು. ಇಲಿಯ ಬಗ್ಗೆ ಇಷ್ಟು ಚಿಂತೆಪಟ್ಟವನ ಬಾಯಲ್ಲಿ ಆ ಮಾತಿಗೆ ತೂಕವೇ ಬೇರೆ.

ಉಳಿದ ಉಪದೇಶವೂ ಹೀಗೆಯೇ ಕೈಗೆ ಸಿಗುವಂಥದ್ದು. ಹೆಂಡತಿಯನ್ನು ಗೌರವದಿಂದ ನೋಡಿಕೋ. ಬಡ ರೋಗಿಯಿಂದ ಹಣ ಕೇಳಬೇಡ. ಮದ್ದು, ಗಿಡಮೂಲಿಕೆಗಳನ್ನು ವಾರಕ್ಕೊಮ್ಮೆ ಪರೀಕ್ಷಿಸು.

ನಡುನಡುವೆ ತಂದೆ ಸಿಡುಕುತ್ತಾನೆ. ಈ ಸಿಡುಕು ನನಗೆ ಉಪದೇಶಕ್ಕಿಂತ ರುಚಿ. ದೂರದಿಂದ ಗುರುಗಳನ್ನು ಕರೆತಂದೆ, ಖರ್ಚು ನೋಡಲಿಲ್ಲ, ದಾರಿಯ ಅಪಾಯ ಲೆಕ್ಕಿಸಲಿಲ್ಲ. ನೀನು ಮಾತ್ರ ಮನಸ್ಸಿಟ್ಟು ಕಲಿಯಲಿಲ್ಲ. ವರ್ಷಗಳು ಕಳೆದರೂ ನಿನ್ನ ಅರಬ್ಬಿ ಬರಹ ಪಳಗಿಲ್ಲ. ಕಾಗದ ಬರೆದರೆ ತಪ್ಪು. ಕಳಿಸುವ ಮೊದಲು ಇನ್ನೊಮ್ಮೆ ಓದಿದರೆ ಏನು ಹೋಗುತ್ತದೆ? ಬರವಣಿಗೆಯ ಚೆಲುವಿಗೆ ಲೇಖನಿ, ಕಾಗದ, ಮಸಿ ಎಲ್ಲವೂ ಒಳ್ಳೆಯದಿರಬೇಕೆಂದು ಅದನ್ನೂ ಹೇಳಿಕೊಡುತ್ತಾನೆ. ಮಗನ ಮೇಲೆ ಆಸೆ ಬತ್ತಿದ ತಂದೆ ಮಸಿಯ ಗುಣ ವಿವರಿಸುತ್ತಾ ಕೂರುವುದಿಲ್ಲ. ಆತನ ವಾತ್ಸಲ್ಯವೆಲ್ಲ ಈ ಬೈಗುಳದಲ್ಲೇ ಇಳಿದಿದೆ. ನೋವನ್ನು ಒರೆಸಿ, ನಯವಾದ ನೀತಿಮಾತುಗಳನ್ನಷ್ಟೇ ಉಳಿಸಿದ್ದರೆ ಈ ಉಯಿಲು ಯಾವ ತಂದೆಯದೂ ಆಗಬಹುದಿತ್ತು.

ಯೆಹೂದ ತೀರಿಕೊಂಡದ್ದು ಸುಮಾರು 1190ರಲ್ಲಿ. ಅದೇ ಸಮುವೇಲ ಮುಂದೆ ಯೆಹೂದ್ಯ ತತ್ವಜ್ಞಾನಿ ಮೈಮೊನಿಡೀಸನ ಮೇರುಕೃತಿ, ದಿಕ್ಕುತೋಚದವರಿಗೆ ದಾರಿ ತೋರುವ ಆ ತತ್ವಗ್ರಂಥವನ್ನು, ಅರಬ್ಬಿಯಿಂದ ಹೀಬ್ರೂವಿಗೆ ತರಲು ಕೂತ. ಅನುವಾದ ಮುಗಿದದ್ದು 1204ರಲ್ಲಿ. ಕೆಲಸದ ನಡುವೆ ಎದ್ದ ಸಂಶಯಗಳನ್ನು ಬರೆದು ಈಜಿಪ್ಟಿನಲ್ಲಿದ್ದ ಗ್ರಂಥಕರ್ತನಿಗೇ ಕಳಿಸಿದ್ದ. 1199ರಲ್ಲಿ ಮೈಮೊನಿಡೀಸನ ಉತ್ತರ ಬಂತು: ನಿನ್ನ ತಂದೆಯ ಪಾಂಡಿತ್ಯದ ಬಗ್ಗೆ ಕೇಳಿದ್ದೆ, ಅವರಿಗೊಬ್ಬ ಮಗನಿರುವುದು ಗೊತ್ತಿರಲಿಲ್ಲ, ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಆ ಕಾಗದದಲ್ಲಿ ಆತ ಮೆಚ್ಚಿಕೊಂಡವುಗಳಲ್ಲಿ ಒಂದು, ಸಮುವೇಲನ ಅರಬ್ಬಿ.