ಗಿಟಾರೂ ಮದ್ದಳೆಯೂ

ಸ್ಪೇನ್ ದೇಶದ ದಕ್ಷಿಣ ಭಾಗವಾದ ಆಂದಲೂಸಿಯಾದಲ್ಲಿ ಫ್ಲಮೆಂಕೊ ಎಂಬ ಕಲೆಯೊಂದುಂಟು. ಹಾಡು, ಕುಣಿತ, ಗಿಟಾರ್ ಮೂರೂ ಕೂಡಿ ಆದದ್ದು. ಅದರ ಧ್ವನಿಮುದ್ರಿಕೆಗಳು ಈಗ ನಮಗೂ ಸುಲಭವಾಗಿ ದೊರೆಯುತ್ತವೆ. ಉಡುಪಿ ಮಣಿಪಾಲಗಳ ತರುಣರು ಆ ಗಿಟಾರನ್ನು ಮೆಚ್ಚಿ ಮಾತನಾಡುವುದನ್ನು ಕೇಳಿದ್ದೇನೆ. ಮೆಚ್ಚಿಕೆ ಬಹುಮಟ್ಟಿಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: 'ಏನು ವೇಗ ಮಾರಾಯ್ರೆ!' ಮಲ್ಪೆಯಲ್ಲಿ ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಮರಳುವವರು ಮದ್ದಳೆ ಚೆಂಡೆಗಳ ಬಗ್ಗೆ ಆಡುವ ಮಾತೂ ಇದೇ. ವೇಗಕ್ಕೆ ಬೆರಗಾಗುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಈ ಎರಡು ವಾದ್ಯಗಳ ಹಿರಿಮೆ ಇರುವುದು ಬೇರೆ ಕಡೆಗೆ. ಒಂದನ್ನು ಬಲ್ಲವನಿಗೆ ಇನ್ನೊಂದು ಬೇಗನೆ ಒಲಿದೀತು.

ಮೊದಲು ಗಿಟಾರಿನ ಮಾತು. ಪಾಶ್ಚಾತ್ಯ ಕಚೇರಿಯ ಗಿಟಾರ್ ಬೇರೆ, ಇದು ಬೇರೆ. ಇದರ ಮೈಯನ್ನು ರೂಢಿಯಾಗಿ ಸೈಪ್ರಸ್ ಮರದ ತೆಳುವಾದ ಹಲಗೆಯಿಂದ ಮಾಡುತ್ತಾರೆ. ತಂತಿಗಳು ಹಲಗೆಗೆ ತೀರ ಸಮೀಪ. ಆದುದರಿಂದ ನಾದ ಚುರುಕಾಗಿ ಹುಟ್ಟಿ ಬೇಗನೆ ಅಡಗುತ್ತದೆ, ವೀಣೆಯಂತೆ ಎಳೆದು ನಿಲ್ಲುವುದಿಲ್ಲ. ನುಡಿಸುವವನು ತಂತಿ ಮೀಟುವುದರ ನಡುವೆಯೇ ಬೆರಳಿನಿಂದ ಹಲಗೆಯನ್ನು ತಟ್ಟುತ್ತಾನೆ. ಇದಕ್ಕೆ 'ಗೋಲ್ಪೆ' ಎಂದು ಹೆಸರು; ಆ ಪೆಟ್ಟಿಗೆ ಮರ ಸವೆಯದಿರಲೆಂದು ಅಲ್ಲಿ ತೆಳುವಾದ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಹೀಗೆ ಅದು ಅರ್ಧ ತಂತಿವಾದ್ಯ, ಅರ್ಧ ತಾಳವಾದ್ಯ. ಹಾಡುವವನ ಕಂಠ ಯಾವ ಶ್ರುತಿಯಲ್ಲಿದೆಯೋ ಅಲ್ಲಿಗೆ ಗಿಟಾರನ್ನು ಏರಿಸಲು ಅದರ ಕೊರಳಿಗೆ ಬಿಗಿಯುವ ಪಟ್ಟಿಯೂ ಉಂಟು. ಕಂಠ ವಾದ್ಯಕ್ಕೆ ಹೊಂದಬೇಕಾಗಿಲ್ಲ, ವಾದ್ಯವೇ ಕಂಠಕ್ಕೆ ಹೊಂದಬೇಕು.

ಲೆಕ್ಕಾಚಾರವೂ ನಮಗೆ ಅಷ್ಟೇನೂ ಅಪರಿಚಿತವಲ್ಲ. 'ಸೊಲೆಆ' ಎಂಬ ಬಗೆಯಲ್ಲಿ ಆವರ್ತನಕ್ಕೆ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಎಂದರೆ ಮೂರು, ಮೂರು, ಎರಡು, ಎರಡು, ಎರಡು. ಯಕ್ಷಗಾನದ ಅಷ್ಟತಾಳದ ಐದು, ಐದು, ಎರಡು, ಎರಡಕ್ಕೆ ಪಳಗಿದ ಕಿವಿ ಇದಕ್ಕೆ ಎಡವಲಾರದು. ಸ್ವರಗಳೂ ಬಹುಮಟ್ಟಿಗೆ ನಮ್ಮ ಹನುಮತೋಡಿಯವೇ. ಗಾಂಧಾರ ಮಾತ್ರ ಆಗಾಗ ಅಂತರ ಗಾಂಧಾರವಾಗುತ್ತದೆ. (ಜಿಪ್ಸಿಗಳ ಭಾಷೆ ಭಾರತ ಮೂಲದ್ದೆಂಬುದು ನಿಜ. ಅಷ್ಟರಿಂದಲೇ ಫ್ಲಮೆಂಕೊ ನಮ್ಮದೆಂದು ಎದೆಯುಬ್ಬಿಸುವವರ ಗುಂಪಿಗೆ ನಾನು ಸೇರಿದವನಲ್ಲ.)

ಫ್ಲಮೆಂಕೊದಲ್ಲಿ ಹಾಡೇ ಯಜಮಾನ. ಗಿಟಾರಿನವನು ಹಾಡುಗಾರನ ಉಸಿರನ್ನು ಕಾಯಬೇಕು, ಕುಣಿಯುವವಳ ಪಾದವನ್ನು ನೋಡುತ್ತಿರಬೇಕು. ಎರಡು ಚರಣಗಳ ನಡುವೆ ಸಿಗುವ ಬಿಡುವಿನಲ್ಲಿ ತನ್ನ ಮಾತನ್ನು ಹೇಳಿ ಮುಗಿಸಬೇಕು. ಈ ವಾದ್ಯವನ್ನು ಒಂಟಿಯಾಗಿ ಮುಂದಕ್ಕೆ ತಂದವರಲ್ಲಿ ರಾಮೋನ್ ಮೊಂತೋಯ (1879–1949) ಪ್ರಮುಖ. 1936ರಲ್ಲಿ ಪ್ಯಾರಿಸ್ಸಿನಲ್ಲಿ ಆತ ಮುದ್ರಿಸಿದ ಗಿಟಾರ್ ವಾದನ ಆ ಹಾದಿಯ ಮೈಲಿಗಲ್ಲು. ಆದರೆ ಆತನ ಬಾಳೆಲ್ಲ ಕಳೆದದ್ದು ಹಾಡುಗಾರರ ಪಕ್ಕದಲ್ಲಿ. ಸಬೀಕಾಸನ (1912–1990) ಬೆರಳಿನ ಚುರುಕಿಗೆ ಲೋಕವೇ ಬೆರಗಾಯಿತು. ಆತ ಕಾರ್ಮೆನ್ ಅಮಾಯಾ ಎಂಬ ನರ್ತಕಿಯ ಜೊತೆಯಲ್ಲಿ ನುಡಿಸಿದ್ದನ್ನು ಕೇಳಿ ನೋಡಬೇಕು: ಅಲ್ಲಿ ಆ ಚುರುಕೆಲ್ಲ ಆಕೆಯ ಹಿಮ್ಮಡಿಯ ಪೆಟ್ಟಿಗೆ ಉತ್ತರವಾಗಿ ಬರುತ್ತದೆ.

ಇನ್ನು ಪಾಕೊ ದೆ ಲೂಸಿಯಾ (1947–2014). ಹುಟ್ಟಿದ್ದು ಆಲ್ಹೆಸಿರಾಸ್ ಎಂಬ ಬಂದರೂರಿನಲ್ಲಿ. ಈತನ ಹೆಸರು ಕೇಳದ ಗಿಟಾರ್‌ಪ್ರಿಯರಿಲ್ಲ. 1981ರಲ್ಲಿ ಹೊರಬಂದ, ಮೂವರು ಗಿಟಾರಿಗರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿ ನುಡಿಸಿದ ಮುದ್ರಿಕೆಯಿಂದಲೇ ನಮ್ಮ ತರುಣರಿಗೆ ಆತನ ಪರಿಚಯ. ಅಲ್ಲಿ ಬೆರಳುಗಳ ಓಟ ಅದ್ಭುತ, ಸಂದೇಹವಿಲ್ಲ. ಆದರೆ ಅದು ಓಟದ ಪಂದ್ಯದ ಅದ್ಭುತ. 1969ರಿಂದ 1977ರವರೆಗೆ ಕಮರೋನ್ ಎಂಬ ಹಾಡುಗಾರನ ಜೊತೆ ಮಾಡಿದ ಮುದ್ರಿಕೆಗಳೇ ನನ್ನ ಮಟ್ಟಿಗೆ ಆತನ ದೊಡ್ಡ ಕೆಲಸ. ಕಮರೋನನ ಕಂಠ ಒಡೆದು ಮೇಲಕ್ಕೇರುವಾಗ ಗಿಟಾರ್ ಹಿಂದೆ ಸರಿಯುತ್ತದೆ. ಒಂದೇ ಒಂದು ತಂತಿ, ಒಂದು ತಟ್ಟು, ಮತ್ತೆ ಮೌನ. ಸಾಲು ಮುಗಿದೊಡನೆ ಹತ್ತು ಬೆರಳೂ ಒಟ್ಟಿಗೆ ಬಂದು ಅದನ್ನು ಎತ್ತಿಕೊಳ್ಳುತ್ತವೆ. ಹಾಡುಗಾರನಾಗಲಾರದೆ ಗಿಟಾರ್ ಹಿಡಿದವನು ತಾನೆಂದು ಪಾಕೊ ಹೇಳಿಕೊಂಡದ್ದುಂಟು. ಆ ಮಾತು ಬರಿಯ ವಿನಯವಲ್ಲವೆಂದು ಇಲ್ಲಿ ತಿಳಿಯುತ್ತದೆ. ಕಮರೋನ್ 1992ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು ನಾವು ಕಾಳಿಂಗ ನಾವಡರನ್ನು ಅವರ ಮೂವತ್ತರ ಆಸುಪಾಸಿನಲ್ಲಿ ಕಳೆದುಕೊಂಡಿದ್ದೆವು. ಒಂದು ತಲೆಮಾರಿನ ರುಚಿಯನ್ನೇ ತಿದ್ದಿದ ಎರಡು ಕಂಠಗಳು.

ಪಕ್ಕದಲ್ಲಿ ಕೂತು ಹಾಡನ್ನು ಎತ್ತಿಹಿಡಿಯುವ ಈ ವಿದ್ಯೆ ನಮ್ಮಲ್ಲಿ ಹಿರಿಯಡಕ ಗೋಪಾಲರಾಯರಲ್ಲಿ (1919–2020) ಸಿದ್ಧಿಸಿತ್ತು. ತಗ್ಗು ಶ್ರುತಿಯ ಮದ್ದಳೆ ನುಡಿಯುತ್ತಿದ್ದ ಬಡಗುತಿಟ್ಟಿಗೆ ಏರು ಮದ್ದಳೆಯನ್ನು ತಂದವರೆಂದು ಅವರ ಹೆಸರು ನಿಂತಿದೆ. ಶ್ರುತಿ ಏರಿದರೆ ನುಡಿ ಬಿಡಿಸಿ ಕೇಳುತ್ತದೆ, ದೂರಕ್ಕೆ ಹೋಗುತ್ತದೆ. ಮದ್ದಳೆಗಾರನ ಮೆರೆದಾಟಕ್ಕೂ ಅಲ್ಲಿಂದಲೇ ದಾರಿಯಾಯಿತೆಂದು ಗೊಣಗುವವರುಂಟು. ನಾನು ಇದನ್ನು ಒಪ್ಪಲಾರೆ. ಮದ್ದಳೆ ಏರಿದ್ದು ಭಾಗವತರ ಕಂಠದ ಮಗ್ಗುಲಿಗೆ, ಅದರ ತಲೆಯ ಮೇಲಕ್ಕಲ್ಲ. ಶಿವರಾಮ ಕಾರಂತರು ಪಿಟೀಲು, ಸ್ಯಾಕ್ಸೊಫೋನುಗಳನ್ನು ಯಕ್ಷಗಾನಕ್ಕೆ ಸೇರಿಸಿ ನಡೆಸಿದ ಪ್ರಯೋಗಗಳಲ್ಲಿ ಗೋಪಾಲರಾಯರೂ ಇದ್ದರು. ಹೊಸ ವಾದ್ಯಗಳ ನಡುವೆಯೂ ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕ ಅಂಥ ಕೈಗೆ ಮಾತ್ರ ಸಾಧ್ಯ. ಅಮೆರಿಕದಿಂದ ಮಾರ್ತಾ ಆಶ್ಟನ್ ಬಂದು ಉಡುಪಿಯಲ್ಲಿ ಕಲಿತರು. ಸ್ಪೇನಿನ ಮೊರೋನ್ ಎಂಬ ಊರನ್ನು ಬಿಟ್ಟು ಹೆಚ್ಚು ಕದಲದ ದಿಯೆಗೊ ದೆಲ್ ಗಾಸ್ತೋರನ (1908–1973) ಬಳಿಗೂ ಹೀಗೆಯೇ ಹೊರನಾಡಿನವರು ಹುಡುಕಿಕೊಂಡು ಬರುತ್ತಿದ್ದರು.

ಬಡಗಿನಲ್ಲಿ ಹಿಮ್ಮೇಳ ಕೂರುವುದು ವೇಷದ ಹಿಂದೆ. ಮದ್ದಳೆಗಾರನಿಗೆ ಕಾಣುವುದು ವೇಷಧಾರಿಯ ಬೆನ್ನು ಮತ್ತು ಕಾಲು. ಮುಖದ ಭಾವ ಕಾಣದೆ, ಕಾಲಿನಿಂದಲೇ ಕಲಾವಿದನ ಇಂಗಿತವನ್ನು ಓದಿ ಬಿಡ್ತಿಗೆಯನ್ನು ಸರಿಯಾದ ಗಳಿಗೆಗೆ ತಂದಿಳಿಸಬೇಕು. ಇದರ ಕಷ್ಟವನ್ನು ನಮ್ಮ ವಿಮರ್ಶಕರು ಬರೆದದ್ದು ಕಡಮೆ. ವೇಷದ ಮೇಲೆ ನಾಲ್ಕು ಪುಟ, ಅರ್ಥಗಾರಿಕೆಯ ಮೇಲೆ ನಾಲ್ಕು ಪುಟ, ಮದ್ದಳೆಗೆ 'ಸಮರ್ಥವಾಗಿ ಸಾಥ್ ನೀಡಿದರು' ಎಂಬ ಒಂದು ಸಾಲು! ಹೀಗಿರುವಾಗ ತರುಣ ಮದ್ದಳೆಗಾರನು ಚಪ್ಪಾಳೆ ಎಲ್ಲಿ ಸಿಗುವುದೋ ಅಲ್ಲಿಗೆ ಕೈ ನೀಡಿದರೆ ಅವನೊಬ್ಬನನ್ನೇ ದೂರಿ ಏನು ಫಲ? ಕರುಣದ ಪದ್ಯದಲ್ಲಿ ಭಾಗವತರು ಒಂದು ಅಕ್ಷರವನ್ನು ಎಳೆದು ನಿಲ್ಲಿಸಿದಾಗ ಸುಮ್ಮನಿರುವ ಮದ್ದಳೆಗೆ ನಾವು ಎಂದಾದರೂ ಚಪ್ಪಾಳೆ ತಟ್ಟಿದ್ದೇವೆಯೆ?

ಮಲ್ಪೆಯಲ್ಲಿ ಹರಕೆಯಾಟ ಆಡಿಸುವ ಮಹನೀಯರಲ್ಲಿ ನನ್ನದೊಂದು ಅರಿಕೆಯುಂಟು. ಧ್ವನಿವರ್ಧಕದವರಿಗೆ ಹೇಳಿ ಮದ್ದಳೆಯ ಮುಂದಿನ ಮೈಕನ್ನು ಒಂದು ಗೇಣು ಹಿಂದಕ್ಕೆ ಸರಿಸಲಿ. ಚೆಂಡೆಗಂತೂ ಮೈಕೇ ಬೇಡ. ಅದು ಮೈಕಿಲ್ಲದೆಯೇ ಕಡಲತನಕ ಕೇಳುತ್ತದೆ.