ಕೀಲಿಮಣೆಯ ವೇಷ ತೊಟ್ಟ ಸ್ಕ್ಯಾನರ್

ಕೊಂಕಣ ರೈಲ್ವೆಯ ಪ್ರಧಾನ ಕಚೇರಿಯಿರುವ ಬೇಲಾಪುರದಲ್ಲಿ, ಕರಾವಳಿಯಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳ ಕಪಾಟುಗಳಲ್ಲಿ ಊರಿನಿಂದ ತಂದ ಗ್ರಂಥಗಳು ಸಂಚಯಗೊಂಡಿರುವುವಾದರೂ, ಯಾರ ಬಳಿ ಯಾವ ಪುಸ್ತಕವಿದೆಯೆಂಬುದನ್ನು ತಿಳಿಸುವ ಯಾದಿಯಿಲ್ಲದ ಕಾರಣ ಅವು ಇದ್ದೂ ಇಲ್ಲದಂತಾಗುವುದುಂಟು. ಅಂತಹ ಯಾದಿಯ ರಚನೆಗೆ ಲಿನಕ್ಸ್ ಅಳವಡಿಸಿದ ಹಳೆಯ ಗಣಕಯಂತ್ರವೂ ಕೈಯಲ್ಲಿ ಹಿಡಿಯುವ ಬಾರ್‌ಕೋಡ್ ಸ್ಕ್ಯಾನರೂ ಎಷ್ಟರಮಟ್ಟಿಗೆ ನೆರವಾಗಬಲ್ಲವೆಂಬುದು ವಿವೇಚನಾರ್ಹವಾದ ವಿಷಯ.

ಸ್ಕ್ಯಾನರಿನ ಪ್ರಥಮ ಗುಣವು ಸರಳತೆ. ಯುಎಸ್‌ಬಿ ತಂತಿಯಿಂದ ಜೋಡಿಸಿದೊಡನೆ ಸಾಮಾನ್ಯ ಸ್ಕ್ಯಾನರು ತನ್ನನ್ನು ಕೀಲಿಮಣೆಯೆಂದೇ ಪರಿಚಯಿಸಿಕೊಳ್ಳುವುದರಿಂದ ಲಿನಕ್ಸಿಗೆ ಪ್ರತ್ಯೇಕ ಡ್ರೈವರಿನ ಅವಶ್ಯಕತೆಯೇ ಬೀಳದು. ಗೆರೆಗಳನ್ನು ಓದಿದ ಕೂಡಲೇ ಕರ್ಸರ್ ಇದ್ದೆಡೆ ಅಂಕಿಗಳು ಮೂಡುತ್ತವೆ. ಕೈಪಿಡಿಯಲ್ಲಿ ಅಚ್ಚಾದ ಬಾರ್‌ಕೋಡುಗಳನ್ನು ಓದಿಸಿಯೇ ಅದರ ವರ್ತನೆಯನ್ನು ಬದಲಿಸಬಹುದಾದುದರಿಂದ, ವಿಂಡೋಸಿಗೆಂದೇ ರಚಿತವಾದ ತಂತ್ರಾಂಶದ ಹಂಗೂ ಇಲ್ಲ. ಇದಲ್ಲದೆ, ಪುಸ್ತಕಗಳ 13 ಅಂಕಿಗಳ ಐಎಸ್‌ಬಿಎನ್‌ನಲ್ಲಿ ಕೊನೆಯದು ಉಳಿದ 12ರಿಂದ ಗಣಿಸಿ ಪಡೆದ ಪರೀಕ್ಷಾಂಕವಾಗಿದ್ದು, ಅದು ತಾಳೆಯಾಗದಿದ್ದರೆ ಸ್ಕ್ಯಾನರು ಸಂಖ್ಯೆಯನ್ನು ಒಪ್ಪಿಸದಿರುವುದರಿಂದ, ಕೈಬರಹದ ನಕಲಿನಲ್ಲಿ ಸಂಭವಿಸುವ ಪ್ರಮಾದಗಳು ಇಲ್ಲಿ ಅತಿ ವಿರಳ.

ಆದರೆ ಕೀಲಿಮಣೆಯಂತೆ ವರ್ತಿಸುವ ಈ ಗುಣದಲ್ಲಿಯೇ ದೋಷದ ಬೀಜವೂ ಅಡಗಿದೆ. ಸ್ಕ್ಯಾನರು ಕಳುಹಿಸುವುದು ಅಕ್ಷರವನ್ನಲ್ಲ, ಕೀಲಿಯ ಸ್ಥಾನವನ್ನು. ಆ ಸ್ಥಾನಕ್ಕೆ ಯಾವ ಅಕ್ಷರವೆಂದು ನಿರ್ಣಯಿಸುವುದು ಗಣಕದಲ್ಲಿ ಆ ಕ್ಷಣಕ್ಕೆ ಜಾರಿಯಲ್ಲಿರುವ ಕೀಲಿವಿನ್ಯಾಸ. ಶೀರ್ಷಿಕೆಯನ್ನು ಕನ್ನಡ ಇನ್‌ಸ್ಕ್ರಿಪ್ಟಿನಲ್ಲಿ ಬರೆದು, ಇಂಗ್ಲಿಷ್ ವಿನ್ಯಾಸಕ್ಕೆ ಮರಳದೆ ಮುಂದಿನ ಪುಸ್ತಕವನ್ನು ಓದಿಸಿದರೆ, ಐಎಸ್‌ಬಿಎನ್‌ನ ಆರಂಭದ 978 ಎಂಬುದು ೯೭೮ ಎಂದು ಮೂಡಿ, ಓದುವವರ ಕಣ್ಣಿಗೆ ಸರಿಯೆಂದೇ ತೋರಿದರೂ ಹುಡುಕಾಟದಲ್ಲಿ ಆ ಪುಸ್ತಕವು ಸಿಕ್ಕದೆ ಹೋಗಬಹುದು. ಎಕ್ಸ್ ಎಂಬ ಚಿತ್ರಾತ್ಮಕ ಪರದೆ ವ್ಯವಸ್ಥೆಯುಳ್ಳ ಲಿನಕ್ಸಿನಲ್ಲಿ 'ಸೆಟ್‌ಎಕ್ಸ್‌ಕೆಬಿಮ್ಯಾಪ್' ಆಜ್ಞೆಯಿಂದ ಸ್ಕ್ಯಾನರಿಗೆ ಮಾತ್ರ ಇಂಗ್ಲಿಷ್ ವಿನ್ಯಾಸವನ್ನು ವಿಧಿಸಬಹುದೆಂಬುದು ಶ್ಲಾಘನೀಯವೇ. ಆದರೆ ತಂತಿಯನ್ನು ಕಳಚಿ ಮತ್ತೆ ಜೋಡಿಸಿದಾಗ ಆ ಆಜ್ಞೆಯನ್ನು ಪುನಃ ಕೊಡಬೇಕಾಗುವುದು. ಐಬಸ್ ಎಂಬ ಅಕ್ಷರ ನಮೂದಿನ ತಂತ್ರಾಂಶದ ಮೂಲಕ ಕನ್ನಡ ಬರೆಯುವವರಿಗಂತೂ ಆ ಉಪಾಯವೊಂದೇ ಸಾಲದು.

ಎರಡನೆಯ ಕೊರತೆ ಪುಸ್ತಕಗಳದು. ಐಎಸ್‌ಬಿಎನ್ ಪದ್ಧತಿ ರೂಪುಗೊಂಡುದು 1970ರ ಸುಮಾರಿಗೆ. ಅದಕ್ಕಿಂತ ಹಿಂದಿನ ಮುದ್ರಣಗಳಲ್ಲಿ ಓದಿಸಲು ಗೆರೆಗಳೇ ಇಲ್ಲ. ಅಂತಹ ಗ್ರಂಥಗಳಿಗೆ ನಾವೇ ಅನುಕ್ರಮ ಸಂಖ್ಯೆಯನ್ನಿತ್ತು, ಜಿಂಟ್ ಎಂಬ ಮುಕ್ತ ತಂತ್ರಾಂಶದಿಂದ ಚೀಟಿಗಳನ್ನು ಮುದ್ರಿಸಿ ಅಂಟಿಸಬಹುದು. ಮನೆಯ ಸಂಗ್ರಹಕ್ಕೆ ಲಿಬ್ರೆಆಫೀಸಿನ ಕೋಷ್ಟಕವೇ ಸಾಕು. ಎರವಲು ಕೊಡುವ ಗ್ರಂಥಾಲಯವಾದರೆ, ನ್ಯೂಜಿಲೆಂಡಿನಲ್ಲಿ ಜನಿಸಿ 2000ದಲ್ಲಿ ಬಳಕೆಗೆ ಬಂದ ಕೊಹಾ ಎಂಬ ಗ್ರಂಥಾಲಯ ತಂತ್ರಾಂಶವು ಯೋಗ್ಯವಾದುದು.

ಒಟ್ಟಿನಲ್ಲಿ, ಅಲ್ಪ ವೆಚ್ಚದಲ್ಲಿ ಕನ್ನಡ ಗ್ರಂಥಸಂಪತ್ತನ್ನು ಕ್ರಮಗೊಳಿಸಲು ಈ ಜೋಡಿ ಸರ್ವಥಾ ಸ್ವೀಕಾರಾರ್ಹ. ಬೇಲಾಪುರದ ಕನ್ನಡಿಗರು ಮೊದಲು ಸಂಖ್ಯೆಗಳನ್ನೆಲ್ಲ ಓದಿಸಿ ಮುಗಿಸಿ, ಅನಂತರವೇ ಶೀರ್ಷಿಕೆಗಳನ್ನು ಕನ್ನಡದಲ್ಲಿ ತುಂಬುವ ಕ್ರಮವನ್ನು ಅನುಸರಿಸಿ, ತಮ್ಮ ತಮ್ಮ ಕಪಾಟುಗಳಿಂದಲೇ ಈ ಕಾರ್ಯವನ್ನು ಆರಂಭಿಸಲಿ.