ಹಡಗು ನಿಂತ ದಿನ, ಬೆಳಗು ಕಡಲಿಗೆ

ಬೆಂಗಳೂರಿನ ಟೂರ್ ಕಂಪನಿಗಳ ಸಿಂಗಾಪುರ ಪ್ಯಾಕೇಜಿನಲ್ಲಿ ಕ್ರೂಸ್ ಎಂಬುದು ಈಗ ಮದುವೆ ಊಟದ ಕೊನೆಯ ಬೀಡಾದಷ್ಟು ಮಾಮೂಲು. ಮೂರು ನಾಲ್ಕು ರಾತ್ರಿಯ ಆ ಪಯಣದ ನಡುವೆ ಹಡಗು ಒಂದು ದಿನ ಥಾಯ್ಲೆಂಡಿನ ಫುಕೆಟ್‌ನಲ್ಲಿ ನಿಲ್ಲುವುದುಂಟು. ಆ ದಿನದ ಯೋಜನೆ ಹೆಚ್ಚುಕಡಿಮೆ ಎಲ್ಲರದೂ ಒಂದೇ: ಬೆಳಗ್ಗೆ ಎದ್ದು ದೂರದ ದ್ವೀಪಕ್ಕೆ ಓಟ, ಆಮೇಲೆ ಶಾಪಿಂಗ್, ಹಡಗು ಹತ್ತುವ ಮುಂಚೆ ಮಿಕ್ಕ ಮುಕ್ಕಾಲು ಗಂಟೆಯಲ್ಲಿ ಬೀಚ್. ಕಡಲತೀರ ಹೇಗೂ ಹಡಗಿನ ಪಕ್ಕದಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಕಡಲಲ್ಲಿ ಮೀಯಬೇಕು, ಮರಳ ಮೇಲೆ ಕೂರಬೇಕು ಎಂಬ ಆಸೆ ಇದ್ದವರು ದಿನದ ಮೊದಲ ತುಂಡನ್ನೇ ಕಡಲಿಗೆ ಕೊಡಬೇಕು. ಅದೂ ದಡಕ್ಕೆ ಇಳಿದ ಜಾಗಕ್ಕೆ ತೀರಾ ಹತ್ತಿರದ ಕಡಲಿಗೆ. ಬಾಕಿಯದಕ್ಕೆ ಹೊತ್ತು ಉಳಿದರೆ ಸರಿ, ಉಳಿಯದಿದ್ದರೆ ಬಿಟ್ಟರಾಯಿತು.

ಮೊದಲು ಹೊತ್ತಿನ ಲೆಕ್ಕ ನೋಡೋಣ. ಕಾರ್ಯಕ್ರಮ ಪಟ್ಟಿಯಲ್ಲಿ ‘ಫುಕೆಟ್, ಬೆಳಗ್ಗೆ 8ರಿಂದ ಸಂಜೆ 6’ ಎಂದು ಬರೆದಿದೆ ಎಂದುಕೊಳ್ಳಿ. ಓದಿದವರು ಹತ್ತು ಗಂಟೆ ಕೈಯಲ್ಲಿದೆ ಎಂದು ಹಿಗ್ಗುತ್ತಾರೆ. ಎಂಟು ಎಂಬುದು ಹಡಗು ನಿಲ್ಲುವ ಹೊತ್ತೇ ಹೊರತು ನಿಮ್ಮ ಕಾಲು ನೆಲಕ್ಕೆ ತಾಗುವ ಹೊತ್ತಲ್ಲ. ಫುಕೆಟ್‌ನ ಪಟಾಂಗ್ ಕೊಲ್ಲಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಆಳವಿರುವ ಕಡೆ ಲಂಗರು ಹಾಕಿ, ‘ಟೆಂಡರ್’ ಎಂದು ಕರೆಯುವ ಸಣ್ಣ ದೋಣಿಗಳಲ್ಲಿ ಜನರನ್ನು ದಡ ಮುಟ್ಟಿಸುತ್ತದೆ. ಎಷ್ಟೋ ಹಡಗುಗಳಲ್ಲಿ ಪಕ್ಕದಲ್ಲಿ ನೇತುಹಾಕಿದ ಜೀವರಕ್ಷಕ ದೋಣಿಗಳೇ ಈ ಕೆಲಸಕ್ಕೂ ಇಳಿಯುತ್ತವೆ. ಸಿಂಗಾಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್‌ನಂಥ ಹಡಗು ಮೂರು ಸಾವಿರಕ್ಕೂ ಮೀರಿ ಪ್ರಯಾಣಿಕರನ್ನು ಹೊರುತ್ತದೆ. ಒಂದು ದೋಣಿಗೆ ನೂರು ಜನ ಎಂದರೂ ಎಲ್ಲರನ್ನೂ ಇಳಿಸಲು ಮೂವತ್ತು ಸುತ್ತು ಬೇಕು. ಅದಕ್ಕೇ ನಂಬರಿನ ಚೀಟಿ ಕೊಡುತ್ತಾರೆ. ಹಡಗಿನವರೇ ನಡೆಸುವ ಟೂರ್ ಕೊಂಡವರನ್ನು ಸಾಮಾನ್ಯವಾಗಿ ಮೊದಲು ಕಳಿಸಿ, ಆಮೇಲೆ ಉಳಿದವರನ್ನು ಚೀಟಿಯ ಸರದಿಯಂತೆ ಬಿಡುತ್ತಾರೆ. ಇನ್ನು ಕೊನೆಯ ದೋಣಿ ಹಡಗು ಹೊರಡುವ ಸುಮಾರು ಒಂದು ಗಂಟೆ ಮುಂಚೆಯೇ ದಡ ಬಿಡುತ್ತದೆ. ಹೀಗೆ ಹತ್ತು ಗಂಟೆ ಏಳೂವರೆಗೆ ಇಳಿಯುತ್ತದೆ. ನಿಧಾನವಾಗಿ ತಿಂಡಿ ಮುಗಿಸಿ, ಎರಡನೇ ಕಾಫಿ ಕುಡಿದು ಚೀಟಿಗೆ ಹೋದವರಿಗೆ ಆರೂ ಉಳಿಯಲಾರದು.

ಗಡಿಯಾರದ್ದು ಬೇರೆಯೇ ಕತೆ. ಸಿಂಗಾಪುರದ ಹೊತ್ತು ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಸಿಂಗಾಪುರದ ಹಡಗು ತನ್ನ ಗಡಿಯಾರವನ್ನು ಬದಲಿಸದೆ ಬಂದಿದ್ದರೆ, ಹಡಗಿನಲ್ಲಿ ಒಂಬತ್ತಾದಾಗ ದಡದಲ್ಲಿ ಇನ್ನೂ ಎಂಟು. ಕಿಸೆಯ ಮೊಬೈಲು ದಡದ ಟವರ್ ಹಿಡಿದ ಕೂಡಲೇ ತಾನಾಗಿಯೇ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಸಂಜೆ ಇದೇ ಕುತ್ತಿಗೆಗೆ ಬರುವ ಸಂಗತಿ: ಮೊಬೈಲಿನಲ್ಲಿ ನಾಲ್ಕು, ಹಡಗಿನಲ್ಲಿ ಐದು, ದೋಣಿ ಹೊರಟಾಯಿತು. ಆದರೆ ಬೆಳಗ್ಗೆ ಅದೇ ವ್ಯತ್ಯಾಸ ಒಂದು ಉಡುಗೊರೆ. ಹಡಗಿನ ಗಡಿಯಾರದ ಪ್ರಕಾರ ತಡವಾಗಿ ಎದ್ದವರಿಗೂ ಕಡಲತೀರದಲ್ಲಿ ಎಳೆಬಿಸಿಲೇ ಸಿಗುತ್ತದೆ. ಬೆಳಗ್ಗೆ ಹೋಗುವವರು ಈ ಉಡುಗೊರೆಯನ್ನು ಅನುಭವಿಸುತ್ತಾರೆ. ಕೊನೆಗೆ ಬೀಚ್ ಇಟ್ಟುಕೊಂಡವರು ಅದಕ್ಕೆ ದಂಡ ಕಟ್ಟುತ್ತಾರೆ. ಕೆಲವು ಹಡಗುಗಳು ಗಡಿಯಾರ ಬದಲಿಸುವುದೂ ಉಂಟು, ಆದ್ದರಿಂದ ಇಳಿಯುವ ಮುಂಚೆ ವಿಚಾರಿಸಿಕೊಂಡು ಕೈಗಡಿಯಾರವನ್ನು ಹಡಗಿನ ಹೊತ್ತಿಗೆ ಹೊಂದಿಸಿಕೊಳ್ಳುವುದು ಕ್ಷೇಮ.

ಪಟಾಂಗ್ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಬೆನ್ನಿಗೆ ರಸ್ತೆ, ರಸ್ತೆಯ ಅಂಚಿಗೆ ಮರಗಳ ಸಾಲು, ಅದರಾಚೆ ಊರು, ಊರ ಹಿಂದೆ ಬೆಟ್ಟ. ಬೆಳಗ್ಗೆ ಸೂರ್ಯ ಬೆಟ್ಟದ ಕಡೆ ಇರುವಾಗ ಆ ಮರಗಳ ನೆರಳು ಮರಳಿನ ಮೇಲೆ, ನೀರಿನ ಕಡೆಗೆ ಚಾಚಿಕೊಳ್ಳುತ್ತದೆ. ಟವೆಲು ಹಾಸಿ ಕೂರಲು ಛತ್ರಿಯ ಬಾಡಿಗೆ ಬೇಕಿಲ್ಲ. ನೀರಲ್ಲಿ ನಿಂತು ಸಮುದ್ರ ನೋಡಿದರೆ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅದೇ ನೆರಳು ರಸ್ತೆಗೆ ಹೋಗಿ ಬೀಳುತ್ತದೆ, ಮರಳೆಲ್ಲ ಬಿಸಿಲಿನ ಪಾಲು. ಫುಕೆಟ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಅಲ್ಲಿನ ಹನ್ನೆರಡೂವರೆ ಹೊತ್ತಿಗೆ, ಅಂದರೆ ಸಿಂಗಾಪುರದ ಗಡಿಯಾರದಲ್ಲಿ ಒಂದೂವರೆ. ಹಡಗಿನ ಲೆಕ್ಕದ ನಾಲ್ಕು ಗಂಟೆಗೆ, ಕೈಯಲ್ಲಿ ಶಾಪಿಂಗ್ ಚೀಲ ಹಿಡಿದು ಬೀಚಿಗೆ ಬಂದವರು ನಿಜವಾಗಿ ಮೂರರ ಬಿಸಿಲಲ್ಲಿ, ಕಾದ ಮರಳಲ್ಲಿ, ಸೂರ್ಯನಿಗೆ ಮುಖ ಕೊಟ್ಟು ನಿಂತಿರುತ್ತಾರೆ. ಅಷ್ಟು ಹೊತ್ತಿಗೆ ಜೆಟ್ ಸ್ಕೀಗಳ ಗಲಾಟೆ, ಪ್ಯಾರಾಸೇಲಿಂಗ್ ಹಗ್ಗ ಎಳೆಯುವ ದೋಣಿಗಳ ಓಡಾಟ ಏರಿರುತ್ತದೆ. ನಾಲ್ಕು ಫೋಟೊ ತೆಗೆದು, ಪ್ಯಾಂಟು ಮಡಚಿ ಮೊಣಕಾಲವರೆಗೆ ನೀರಿಗಿಳಿದು, ದೋಣಿಯ ಸಾಲು ಬೆಳೆಯುವುದನ್ನು ಕಂಡು ಗಾಬರಿಯಿಂದ ಹಿಂದಿರುಗುವುದನ್ನು ಬೀಚಿಗೆ ಹೋಗಿಬಂದೆ ಎನ್ನಲಾದೀತೆ?

ಇದಕ್ಕೆ ಮೊದಲ ಆಕ್ಷೇಪ ಫಿ ಫಿ ದ್ವೀಪದ್ದು. ಅಷ್ಟು ದೂರ ಹೋಗಿ ಲೋಕವೇ ಹೊಗಳುವ ತೀರ ಬಿಟ್ಟು, ದೋಣಿ ಇಳಿಸಿದಲ್ಲೇ ಕೂರುವುದೇ ಎಂದು ಕೇಳುತ್ತಾರೆ. ಫಿ ಫಿ ಚೆಲುವಾದ ಜಾಗ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದು ಫುಕೆಟ್‌ನಿಂದ ಸುಮಾರು 45 ಕಿಲೋಮೀಟರ್ ಕಡಲ ಹಾದಿ, ಅಲ್ಲಿಗೆ ದೋಣಿಗಳು ಹೆಚ್ಚಾಗಿ ಹೊರಡುವುದು ಫುಕೆಟ್ ದ್ವೀಪದ ಪೂರ್ವ ಮಗ್ಗುಲಿನಿಂದ. ಪಟಾಂಗ್‌ನಲ್ಲಿ ಇಳಿದವರು ಮೊದಲು ಬೆಟ್ಟದ ರಸ್ತೆ ದಾಟಿ ಆ ಕಡೆಗೆ ಹೋಗಬೇಕು, ಆಮೇಲೆ ಸ್ಪೀಡ್‌ಬೋಟಿನಲ್ಲಿ ಸುಮಾರು ಒಂದು ಗಂಟೆ ಕುಲುಕಾಟ, ಬರುವಾಗ ಮತ್ತೆ ಅದೇ. ಏಳೂವರೆ ಗಂಟೆಯಲ್ಲಿ ಹತ್ತಿರಹತ್ತಿರ ಅರ್ಧ ಹಾದಿಗೇ ಹೋಯಿತು. ಅಲ್ಲಿ ಎಲ್ಲರೂ ನೋಡಬಯಸುವ ಮಾಯಾ ಬೇ, 2000ದಲ್ಲಿ ಬಂದ ‘ದಿ ಬೀಚ್’ ಸಿನಿಮಾದಿಂದ ಹೆಸರಾದದ್ದು, ಜನ ತುಳಿದು ತುಳಿದು ಹವಳಕ್ಕೆ ಹಾನಿಯಾಗಿ 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ಮತ್ತೆ ತೆರೆಯಿತು. ಈಗ ದೋಣಿಗಳು ಆ ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು, ನೀರಲ್ಲಿ ಈಜುವಂತಿಲ್ಲ. ಸರಿಯಾದ ನಿಯಮವೇ. ಆದರೆ ಈಜುವ ಆಸೆಯಿಂದ ಹೊರಟವರು ಈಜಲಾಗದ ತೀರಕ್ಕೆ ಅರ್ಧ ದಿನ ತೆತ್ತಂತಾಯಿತಲ್ಲ! ಫಿ ಫಿ ನೋಡಲೇಬೇಕೆಂದರೆ ವಿಮಾನದಲ್ಲಿ ಹೋಗಿ, ಎರಡು ರಾತ್ರಿ ಉಳಿಯಿರಿ. ಅದು ಹಡಗಿನ ನಿಲುಗಡೆಗೆ ಹೊಂದುವ ಜಾಗವಲ್ಲ.

ಪಟಾಂಗ್ ಚೆನ್ನಾಗಿಲ್ಲ, ಗದ್ದಲದ ಊರು ಎಂಬುದು ಇನ್ನೊಂದು ಆಕ್ಷೇಪ. ಅದು ಅರ್ಧ ಸತ್ಯ. ಗದ್ದಲ ಪಟಾಂಗ್‌ನ ರಾತ್ರಿಯದು. ರಾತ್ರಿ ಮೆರೆದ ಊರು ಬೆಳಗ್ಗೆ ತಡವಾಗಿ ಏಳುತ್ತದೆ, ಎಂಟು ಗಂಟೆಯ ತೀರದಲ್ಲಿ ಓಡುವವರು, ಮರಳು ಗುಡಿಸುವವರು ಬಿಟ್ಟರೆ ಹೆಚ್ಚಿನ ಜನ ಸಿಗುವುದಿಲ್ಲ. ದೋಣಿಯಿಂದ ಇಳಿದ ಗುಂಪು ರಸ್ತೆಯಲ್ಲಿ ಕಾಯುವ ಟೂರ್ ವ್ಯಾನುಗಳ ಕಡೆ ನುಗ್ಗುವಾಗ, ಮರಳಿನ ಮೇಲೇ ಹತ್ತು ನಿಮಿಷ ನಡೆದು ಬಿಟ್ಟರೆ ಮೂರು ಕಿಲೋಮೀಟರ್ ಉದ್ದದ ತೀರದಲ್ಲಿ ನಿಮ್ಮದೇ ಒಂದು ತುಣುಕು ಇರುತ್ತದೆ. ಒಂದು ಎಚ್ಚರ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈಋತ್ಯ ಮುಂಗಾರು, ನಮ್ಮ ಕರಾವಳಿಗೆ ಮಳೆ ತರುವ ಗಾಳಿಯೇ. ಆಗ ಪಶ್ಚಿಮದ ತೀರಗಳಲ್ಲಿ ದಡದಿಂದ ಒಳಕ್ಕೆ ಎಳೆದೊಯ್ಯುವ ಸೆಳೆತ ಏಳುತ್ತದೆ, ಕೆಂಪು ಬಾವುಟ ನೆಡುತ್ತಾರೆ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯುವ ಮಾತೇ ಇಲ್ಲ. ಅಷ್ಟು ದೂರದಿಂದ ಬಂದಿದ್ದೇವೆ ಎಂಬುದು ಕಡಲಿಗೆ ಗೊತ್ತಿರುವುದಿಲ್ಲ.

ಅಲೆ ಹೆಚ್ಚಿದ್ದರೆ ದೋಣಿ ಇಳಿಸುವುದೇ ರದ್ದಾಗಬಹುದು. ಇನ್ನು ಕೆಲವು ಹಡಗುಗಳು ಪಟಾಂಗ್ ಬದಲು ಆವ್ ಮಖಾಮ್‌ನ ಆಳಸಮುದ್ರ ಬಂದರಿನಲ್ಲಿ ಕಟ್ಟೆಗೇ ಬಂದು ನಿಲ್ಲುತ್ತವೆ. ‘ಆವ್’ ಎಂದರೆ ಥಾಯ್ ಭಾಷೆಯಲ್ಲಿ ಕೊಲ್ಲಿ. ಆ ಜಾಗ ಪನ್ವಾ ಭೂಶಿರದ ಕಡೆಗಿದೆ, ಪಟಾಂಗ್ ಅಲ್ಲಿಂದ ಬೆಟ್ಟದಾಚೆ. ಅಲ್ಲಿ ಇಳಿದ ಮೇಲೂ ಪಟಾಂಗ್ ಹೆಸರು ಜಪಿಸುತ್ತಾ ಟ್ಯಾಕ್ಸಿ ಹತ್ತುವವರು ಹತ್ತಿರದ ಆವ್ ಯೋನ್ ಎಂಬ ಪುಟ್ಟ, ಅಲೆ ಕಡಿಮೆಯ ತೀರವನ್ನು ಕಾಣದೇ ಹಿಂದಿರುಗುತ್ತಾರೆ. ನನ್ನ ಪಕ್ಷಪಾತ ಪಟಾಂಗ್ ಕಡೆಗಲ್ಲ, ಹತ್ತಿರದ ಕಡೆಗೆ.

ಗಟ್ಟಿ ಆಕ್ಷೇಪ ಅನುಭವಿಗಳದು. ಬಂದರಿನಲ್ಲಿ ಇಳಿದಾಗ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ ಎಂಬುದು ಕ್ರೂಸ್ ಮಂದಿಯ ಹಳೆಯ ಸೂತ್ರ. ದೂರದಲ್ಲಿ ಟಯರ್ ಪಂಕ್ಚರ್ ಆದರೂ ಸರಿಪಡಿಸಿಕೊಳ್ಳಲು ಹೊತ್ತಿರುತ್ತದೆ. ದೂರ, ಹತ್ತಿರ ಎರಡನ್ನೂ ಮಾಡಲೇಬೇಕೆಂದು ಹಟ ಹಿಡಿದವರಿಗೆ ಈ ಸೂತ್ರ ನಿಜಕ್ಕೂ ಸರಿ. ನಾನು ಬಿಡಿ ಎನ್ನುತ್ತಿರುವುದು ಆ ಹಟವನ್ನು. ಹಡಗಿನವರದೇ ಟೂರ್ ಆದರೆ ತಡವಾದರೂ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ ಎಂಬ ಮಾತೂ ನಿಜ. ಆದರೆ ದೋಣಿಕಟ್ಟೆ ಕಣ್ಣಿಗೆ ಕಾಣುವಷ್ಟು ಹತ್ತಿರ ಕೂತವರಿಗೆ ಆ ಭರವಸೆ ಕೊಳ್ಳುವ ಅಗತ್ಯ ಏನಿದೆ? ಬೆಳಗ್ಗೆಯೇ ನೆನೆದರೆ ದಿನವಿಡೀ ಮೈಗೆ ಉಪ್ಪು, ಬಟ್ಟೆಯಲ್ಲಿ ಮರಳು ಎಂದು ಮನೆಯ ಹೆಂಗಸರು ಹೇಳುವುದು ಇವೆಲ್ಲಕ್ಕಿಂತ ತೂಕದ ಮಾತು. ಇದಕ್ಕೆ ಉತ್ತರ ಹಡಗಿನಲ್ಲೇ ಇದೆ. ದೋಣಿಗಳು ದಿನವಿಡೀ ಹೋಗಿ ಬರುತ್ತಲೇ ಇರುತ್ತವೆ. ಹನ್ನೊಂದರ ಬಿಸಿಲು ಚುರುಕಾಗುವಾಗ ಹಿಂದಿರುಗಿ, ನಿಮ್ಮದೇ ಕೋಣೆಯಲ್ಲಿ ಸಿಹಿನೀರಿನ ಸ್ನಾನ ಮಾಡಿ, ಆಗಲೇ ದುಡ್ಡು ಕೊಟ್ಟಿರುವ ಊಟ ಮಾಡಿ. ಮುಕ್ಕಾಲು ಪಾಲು ಜನ ದಡದಲ್ಲಿರುವ ಆ ಹೊತ್ತಿನಲ್ಲಿ ಹಡಗಿನಷ್ಟು ನೆಮ್ಮದಿಯ ಜಾಗ ಇನ್ನೊಂದಿಲ್ಲ. ಬೇಕಿದ್ದರೆ ಮತ್ತೆ ಇಳಿದು, ನಡೆದೇ ಹೋಗಬಹುದಾದ ಬನ್‌ಜಾನ್ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳಿ. ದೂರ ಹೋದವರಿಗೆ ಈ ಅನುಕೂಲ ಒಂದೂ ಇಲ್ಲ.

ಹಡಗು ಮಧ್ಯಾಹ್ನ ಬಂದು ರಾತ್ರಿ ಹೊರಡುವುದಾದರೆ ಮಾತ್ರ ನನ್ನ ಲೆಕ್ಕ ಮಗುಚುತ್ತದೆ. ಆಗ ಊರು ಮೊದಲು, ಸೂರ್ಯಾಸ್ತಕ್ಕೆ ಕಡಲು.

ಇದು ಫುಕೆಟ್‌ಗೆ ಮಾತ್ರ ಸಲ್ಲುವ ವಾದವೂ ಅಲ್ಲ. ನಮ್ಮ ನವ ಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ, ಬೆಳಗ್ಗೆ ಬಂದು ಸಂಜೆಗೆ ಹೊರಡುವುದು ವಾಡಿಕೆ. ಇಳಿದವರನ್ನು ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಲ್ಲಿಗೆ ಕರೆದೊಯ್ಯುತ್ತಾರೆ. ನೋಡಲೇಬೇಕಾದವು ಅವು, ಸಂದೇಹವಿಲ್ಲ. ಆದರೆ ಬಂದರಿನ ಮಗ್ಗುಲಲ್ಲೇ ಪಣಂಬೂರು ತೀರವಿದೆ, ಅದರಾಚೆ ತಣ್ಣೀರುಬಾವಿ. ಚಳಿಗಾಲದ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ತಟ್ಟೆಯಲ್ಲಿಟ್ಟಂತೆ ಇರುತ್ತದೆ. ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲ ಕಡೆಯಿಂದ ಬರುತ್ತದೆ, ಅಲೆ ಏಳುತ್ತದೆ. ನಸುಕಿನಲ್ಲಿ ಹೊರಟು ಕಡಲಗಾಳಿಗೆ ಮರಳುತ್ತಿದ್ದ ಹಾಯಿದೋಣಿಯವರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಪಣಂಬೂರಿಗೆ ನಮ್ಮ ಜನ ಹೋಗುವುದು ಸಂಜೆ, ಮುಳುಗುವ ಸೂರ್ಯನನ್ನು ನೋಡಲು. ಹಡಗಿನ ಅತಿಥಿಗೆ ಆ ಸಂಜೆಯ ಭಾಗ್ಯವಿಲ್ಲ, ಸೂರ್ಯ ಮುಳುಗುವ ಹೊತ್ತಿಗೆ ಅವನು ಮತ್ತೆ ಡೆಕ್ಕಿನ ಮೇಲೆ. ಅವನಿಗೆ ದಕ್ಕುವುದು ಬೆಳಗು ಮಾತ್ರ, ಅದನ್ನು ಬಸ್ಸಿನ ಸೀಟಿನಲ್ಲಿ ಕಳೆಯುತ್ತಾನೆ.

ಈ ಡಿಸೆಂಬರ್ ರಜೆಗೆ ಹಡಗು ಹತ್ತುವವರಿಗೆ ಒಂದು ಮಾತು. ಫುಕೆಟ್ ತಲುಪುವ ಹಿಂದಿನ ರಾತ್ರಿ ಸ್ವಾಗತ ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಿ ಮಲಗಿ: ದೋಣಿಯ ಚೀಟಿ ಎಷ್ಟು ಹೊತ್ತಿಗೆ, ಯಾವ ಮಹಡಿಯಲ್ಲಿ ಕೊಡುತ್ತೀರಿ? ಕೊನೆಯ ದೋಣಿ ಎಷ್ಟು ಗಂಟೆಗೆ? ಆ ಗಂಟೆ ಯಾವ ದೇಶದ್ದು?